ಸೋತಾಗ ಗೂಬೆ ಯಾರ ಮೇಲೆ ಕೂರಿಸೋದು?

 

ಈ ತಿಂಗಳ ಗೋಡೆ ಪತ್ರಿಕೆಯಲ್ಲಿ 'ನನ್ನ ಅಭಿಪ್ರಾಯ' ಬರೆಯುವ ಸರದಿ ನನ್ನದು. ಸಮಯದ ಮಹತ್ವ, ಪರಿಸರ ಮಾಲಿನ್ಯ, ವರದಕ್ಷಿಣೆ ಪಿಡುಗು ಎಲ್ಲಾ ಹಿಂದಿನ ಸಂಚಿಕೆಗಳಲ್ಲಿ ಬಂದುಹೋಗಿವೆ. ಹಾಗಾಗಿ ನಾನು ಗೂಬೆಗಳ ವಿಷಯ ಬರೆಯುತ್ತೇನೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಕೊನೆ ತನಕ ಓದಿ.

ನಿಮಗೆಲ್ಲ ಗೊತ್ತಿರುವ ಹಾಗೆ ಜೂನ್ ತಿಂಗಳಲ್ಲಿ ನಾನು ನೇರಳೆ ಮರದಿಂದ ಬಿದ್ದು ಕಾಲು ಮುರಿದುಕೊಂಡೆ. ಆರು ವಾರ ಕಾಲಿಗೆ ಕಟ್ಟು. ಅಪ್ಪ ಅಮ್ಮ ಹೊಲಕ್ಕೆ, ತಮ್ಮ ಶಾಲೆಗೆ. ಮನೆಯಲ್ಲಿ ನಾನು, ಅಜ್ಜಿ, ಗಡಿಯಾರ ಮೂರೇ ಜನ. ನನ್ನನ್ನು ನೋಡಲು ಬಂದ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಹಳೇ ಡಬ್ಬಿ ತಂದುಕೊಟ್ಟರು. ಅವರ ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಆಟ. ಹೆಸರು 'ಹೂಟ್ ಔಲ್ ಹೂಟ್'. ನಾಲ್ಕು ವರ್ಷದ ಮಕ್ಕಳೂ ಆಡಬಹುದು ಅಂತ ಡಬ್ಬಿ ಮೇಲೇ ಬರೆದಿದೆ. ಒಂಬತ್ತನೇ ಕ್ಲಾಸಿನವಳಿಗೆ ಇದಾ ಅಂತ ಮೊದಲು ನನಗೂ ಅವಮಾನ ಆಯಿತು. ಆಮೇಲೆ ಬೇರೇನೂ ಗತಿ ಇರಲಿಲ್ಲ.

ಆಟ ಹೀಗಿದೆ. ಒಂದು ಹಲಗೆಯ ಮೇಲೆ ಬಣ್ಣಬಣ್ಣದ ಮನೆಗಳಿರುವ ದಾರಿ. ದಾರಿಯ ಕೊನೆಗೆ ಗೂಡು. ದಾರಿಯ ಮೇಲೆ ದಡ್ಡ ಮುಖ ಮಾಡಿಕೊಂಡು ಕೂತಿರುವ ಗೂಬೆಮರಿಗಳು. ಸೂರ್ಯ ಹುಟ್ಟುವುದರೊಳಗೆ ಎಲ್ಲಾ ಮರಿಗಳೂ ಗೂಡು ಸೇರಬೇಕು. ಪ್ರತಿಯೊಬ್ಬರಿಗೂ ಮೂರು ಎಲೆ, ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು. ಹಸಿರು ಎಲೆ ಹಾಕಿದರೆ ಯಾವುದಾದರೂ ಒಂದು ಗೂಬೆ ಮುಂದಿನ ಹಸಿರು ಮನೆಗೆ ಹಾರುತ್ತದೆ. ಆ ಮನೆಯಲ್ಲಿ ಆಗಲೇ ಒಂದು ಗೂಬೆ ಕೂತಿದ್ದರೆ, ಅದನ್ನು ದಾಟಿ ಅದರ ಮುಂದಿನ ಹಸಿರಿಗೆ ಹೋಗುತ್ತದೆ. ಎಲೆಗಳ ನಡುವೆ ಸೂರ್ಯನ ಎಲೆಗಳೂ ಇವೆ. ಅದು ಕೈಗೆ ಬಂದರೆ ಸರದಿ ಬಂದಾಗ ಅದನ್ನೇ ಹಾಕಬೇಕು, ಬೇರೆ ದಾರಿಯಿಲ್ಲ. ಸೂರ್ಯ ಒಂದು ಹೆಜ್ಜೆ ಮೇಲೆ ಬರುತ್ತಾನೆ. ಅವನು ಕೊನೆ ಮನೆ ತಲುಪಿದಾಗ ಒಂದೇ ಒಂದು ಗೂಬೆ ಹೊರಗಿದ್ದರೂ ಎಲ್ಲರೂ ಸೋತ ಹಾಗೆ. ಗೆದ್ದರೆ ಎಲ್ಲರೂ ಗೆದ್ದ ಹಾಗೆ. ಒಬ್ಬ ಗೆದ್ದು ಇನ್ನೊಬ್ಬ ಸೋಲುವುದು ಅನ್ನೋದೇ ಇಲ್ಲ.

ಇಂಥ ಆಟಕ್ಕೆ ಸಹಕಾರದ ಆಟ ಅನ್ನುತ್ತಾರೆ. ಕೆನಡಾ ದೇಶದ ಜಿಮ್ ಡೀಕೋವ್ ಎನ್ನುವವರು ತಮ್ಮ ಹೆಣ್ಣುಮಕ್ಕಳು ಹಂಚಿಕೊಂಡು ಆಡಲಿ ಅಂತ ಇಂಥ ಆಟ ಮಾಡಲು ಹೊರಟು, 1972ರಲ್ಲಿ 'ಫ್ಯಾಮಿಲಿ ಪಾಸ್‌ಟೈಮ್ಸ್' ಎಂಬ ಕಂಪನಿಯನ್ನೇ ಶುರು ಮಾಡಿದರು. ನಮ್ಮ ಗೂಬೆ ಆಟ ಮಾಡಿದವರು ಅಮೆರಿಕದ ಸೂಸನ್ ಮೆಕಿನ್ಲಿ ರಾಸ್. ಅವರದೇ ಇನ್ನೊಂದು ಆಟ 'ಕ್ವರ್ಕಲ್'ಗೆ 2011ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಬಂದಿದೆ. ಅಂದರೆ ಇದು ಸುಮ್ಮನೆ ಮಕ್ಕಳಾಟಿಕೆ ಅಂತ ತಳ್ಳಿಹಾಕುವಂಥದ್ದಲ್ಲ.

ನಮ್ಮ ಅಜ್ಜಿ ಮಾತ್ರ ಮೊದಲ ದಿನವೇ ತಳ್ಳಿಹಾಕಿದರು. "ಮನೆ ಒಳಗೆ ಗೂಬೆ ಬೇರೆ, ಇಸ್ಪೀಟು ಬೇರೆ! ಹೆಣ್ಣುಮಗು ಒಬ್ಬಳೇ ಕೂತ್ಕೊಂಡು ಎಲೆ ಹಾಕ್ತಾಳೆ ಅಂದ್ರೆ ಊರೋರು ಏನಂದಾರು?" ಗೂಬೆ ಹಾರಿದಾಗ 'ಗೂ ಗೂ' ಅನ್ನಬೇಕು ಅಂತ ಚಿಕ್ಕಪ್ಪನ ಮಗಳು ಹೇಳಿಕೊಟ್ಟಿದ್ದಳು. ನಾನು ಮಟಮಟ ಮಧ್ಯಾಹ್ನ ಒಬ್ಬಳೇ ಹಾಗೆ ಕೂಗಿದಾಗ, ಪಕ್ಕದ ಮನೆ ದೊಡ್ಡಮ್ಮ ಗೂಬೆ ಹೊಕ್ಕಿದೆ ಅಂತ ಕೋಲು ಹಿಡಿದು ಬಂದಿದ್ದರು!

ಅಜ್ಜಿಯ ಎರಡು ಮಾತಿಗೂ ನನ್ನ ಉತ್ತರ ಇದೆ. ಒಂದು, ಗೂಬೆ ರಾತ್ರಿ ಹೊಲ ಗದ್ದೆಯ ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಹಕ್ಕಿ, ಅಪಶಕುನ ಅಲ್ಲ. ಎರಡು, ಎಲೆ ಹಿಡಿದವರೆಲ್ಲ ಜೂಜುಕೋರರಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಗಂಜೀಫಾ ಎಲೆಗಳ ಆಟಗಳನ್ನು ತಾವೇ ರೂಪಿಸಿದವರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿಯಲ್ಲಿ ಅವುಗಳ ವಿವರ ಇದೆ. ದುಡ್ಡು ಇಟ್ಟರೆ ಜೂಜು, ಬುದ್ಧಿ ಇಟ್ಟರೆ ಆಟ. ಇಷ್ಟು ಹೇಳಿದ ಮೇಲೆ ಅಜ್ಜಿ ಸ್ವಲ್ಪ ಮೆತ್ತಗಾಗಿ, "ಆಡು ಆಡು, ನಾನೂ ನಿನ್ನ ವಯಸ್ಸಿಗೆ ಅಳಗುಳಿಮಣೇಲಿ ಎರಡು ಕಡೇನೂ ನಾನೇ ಆಡ್ತಿದ್ದೆ" ಅಂದರು.

ಇಲ್ಲೇ ನನಗೊಂದು ಪ್ರಶ್ನೆ ಎದ್ದದ್ದು. ಎರಡು ಕಡೆಯೂ ಒಬ್ಬರೇ ಆಡಿದರೆ ಅದು ಆಟವೇ? ಆಡು-ಹುಲಿ ತಗೊಳ್ಳಿ. ಮೂರು ಹುಲಿ, ಹದಿನೈದು ಆಡು. ಆಡು ನಡೆಸುವಾಗ ಹುಲಿಯ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು, ಯಾಕೆಂದರೆ ಹುಲಿಯೂ ನಾನೇ. ಯಾವ ಕಡೆ ಗೆಲ್ಲಬೇಕು ಅಂತ ಒಳಗೊಳಗೇ ಆಸೆ ಇರುತ್ತದೋ ಆ ಕಡೆಯೇ ಗೆಲ್ಲುತ್ತದೆ. ಅದು ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಗೂಬೆ ಆಟ ಹಾಗಲ್ಲ. ಇಲ್ಲಿ ಎದುರಾಳಿ ಸೂರ್ಯ. ಸೂರ್ಯನಿಗೆ ಮನಸ್ಸಿಲ್ಲ, ಕಟ್ಟಿನಿಂದ ಯಾವ ಎಲೆ ಬರುತ್ತೋ ಅದೇ ಅವನ ನಡೆ. ಆದ್ದರಿಂದ ಒಬ್ಬರೇ ಆಡಿದರೂ ಮೋಸ ಇಲ್ಲ. ಡಬ್ಬಿಯ ಮೇಲೆ ಇಬ್ಬರಿಂದ ನಾಲ್ಕು ಜನ ಅಂತ ಬರೆದಿದೆ. ನಾನು ನಾಲ್ಕು ಕಡೆ ಮೂರು ಮೂರು ಎಲೆ ಹಾಕಿ, ಒಂದು ನಾನು, ಒಂದು ತಮ್ಮ, ಒಂದು ಗೆಳತಿ, ಒಂದು ತೂಕಡಿಸುತ್ತಿದ್ದ ಅಜ್ಜಿ ಅಂತ ಲೆಕ್ಕ ಇಟ್ಟುಕೊಂಡು ಆಡಿದೆ.

ಕ್ಯಾಲೆಂಡರಿನ ಹಿಂಬದಿ ಲೆಕ್ಕ ಬರೆದೆ. ಮೂರು ಗೂಬೆ ಇಟ್ಟು ಇಪ್ಪತ್ತು ಆಟ ಆಡಿ ಹದಿನೇಳು ಗೆದ್ದೆ. ಆರು ಗೂಬೆ ಇಟ್ಟಾಗ ಇಪ್ಪತ್ತರಲ್ಲಿ ಒಂಬತ್ತೇ ಗೆದ್ದದ್ದು. ಮೊದಮೊದಲು ಮುಂದಿರುವ ಗೂಬೆಯನ್ನೇ ಓಡಿಸಿ ಗೂಡು ಸೇರಿಸುತ್ತಿದ್ದೆ. ಹಿಂದಿನದು ಒಂಟಿಯಾಗಿ ಉಳಿದು ಸೂರ್ಯ ಹುಟ್ಟುತ್ತಿದ್ದ. ಸೋತೂ ಸೋತೂ ಒಂದು ಗುಟ್ಟು ಹೊಳೆಯಿತು. ಮುಂದಿರುವ ಗೂಬೆಯನ್ನು ಅಲ್ಲೇ ಬಿಟ್ಟು ಹಿಂದಿನದನ್ನು ಅದರ ಮೇಲೆ ಹಾರಿಸಿದರೆ, ಒಂದೇ ಎಲೆಯಲ್ಲಿ ಎರಡು ಪಟ್ಟು ದೂರ ಹೋಗುತ್ತದೆ. ಮುಂದೆ ಕೂತಿರುವ ಗೂಬೆ ದಾರಿಗೆ ಅಡ್ಡ ಅಲ್ಲ, ಹಿಂದಿನವನಿಗೆ ಮೆಟ್ಟಿಲು. ಹಿಂದುಳಿದವರನ್ನು ಬಿಟ್ಟು ಓಡಿದರೆ ಎಲ್ಲರೂ ಸೋಲುತ್ತೇವೆ ಅನ್ನೋದು ನೀತಿಪಾಠ ಅಲ್ಲ, ಆ ಆಟದ ಲೆಕ್ಕವೇ ಹಾಗಿದೆ.

ಇನ್ನೊಂದು ವಿಷಯ. ಒಬ್ಬಳೇ ಆಡಿ ಸೋತಾಗ ಗೂಬೆ ಕೂರಿಸಲು ಯಾರ ತಲೆಯೂ ಸಿಗುತ್ತಿರಲಿಲ್ಲ. ತಮ್ಮನ ಎಲೆಯೂ ನಾನೇ ಹಾಕಿದ್ದು, ಅಜ್ಜಿಯ ಎಲೆಯೂ ನಾನೇ ಹಾಕಿದ್ದು. ಬೈಯಲು ಯಾರೂ ಇಲ್ಲದಿದ್ದಾಗ ಎಲ್ಲಿ ತಪ್ಪಾಯಿತು ಅಂತ ಸುಮ್ಮನೆ ಹಿಂದಕ್ಕೆ ಹೋಗಿ ನೋಡುತ್ತಿದ್ದೆ. ಒಂಟಿ ಆಟದ ದೊಡ್ಡ ಲಾಭ ಇದು ಅಂತ ನನ್ನ ಅಭಿಪ್ರಾಯ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕಟ್ಟು ಬಿಚ್ಚಿದ ಭಾನುವಾರ ಇಬ್ಬರು ಗೆಳತಿಯರು ಮನೆಗೆ ಬಂದರು. ತಮ್ಮನೂ ಸೇರಿ ನಾಲ್ಕು ಜನ ಆರು ಗೂಬೆ ಇಟ್ಟು ಕೂತೆವು. ಆರು ವಾರ ನಾಲ್ಕು ಕೈ ಆಡಿಸಿದವಳು ನಾನು, ಸುಮ್ಮನಿರುತ್ತೇನೆಯೇ? "ಲೋ, ಆ ನೀಲಿ ಹಾಕು. ಅದಲ್ಲ ಕಣೇ, ಹಿಂದಿನ ಗೂಬೆ ನಡೆಸು. ತಡಿ ತಡಿ, ನಾನು ಹೇಳ್ತೀನಿ." ಎಲ್ಲರ ಎಲೆಯೂ ತೆರೆದೇ ಇರುತ್ತವಲ್ಲ, ನನಗೆ ಅನುಕೂಲವೇ ಆಯಿತು. ಅವರ ಕೈ ಬರೀ ಎಲೆ ಎತ್ತಿಡುವುದಕ್ಕೆ ಅನ್ನುವ ಹಾಗಾಯಿತು.

ಕೊನೆಗೆ ಎರಡು ಗೂಬೆ ಹೊರಗಿದ್ದವು. ಸೂರ್ಯನಿಗೆ ಒಂದೇ ಹೆಜ್ಜೆ ಬಾಕಿ. ನನ್ನ ಗೆಳತಿಯ ಸರದಿ. ನಾನು ನೀಲಿ ಹಾಕು ಅಂದೆ. ಅವಳು ಒಂದು ಕ್ಷಣ ಯೋಚಿಸಿ ಹಳದಿ ಹಾಕಿದಳು. ಅಷ್ಟೂ ಹೊತ್ತಿನಲ್ಲಿ ಅವಳು ತಾನೇ ಯೋಚಿಸಿ ಹಾಕಿದ ಎಲೆ ಅದೊಂದೇ. ಮುಂದಿನ ಸರದಿ ನನ್ನದು, ಸೂರ್ಯನ ಎಲೆ ಬಿತ್ತು, ಸೋತೆವು. "ನಿನ್ನಿಂದಲೇ ಸೋತಿದ್ದು. ಹೇಳಿದ ಹಾಗೆ ಕೇಳಿದ್ದರೆ ಏನಾಗ್ತಿತ್ತು?" ಅಂತ ರೇಗಿದೆ. ಅವಳು ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟು, "ನಾಲ್ಕು ಕೈನೂ ನಿಂದೇ ಅಲ್ವಾ, ನೀನೇ ಆಡ್ಕೋ" ಅಂತ ಎದ್ದು ಹೋದಳು. ಅಜ್ಜಿ ಜಗಲಿಯಿಂದಲೇ ಅಂದರು, "ಡಾಕ್ಟ್ರು ಕಾಲಿನ ಕಟ್ಟು ಬಿಚ್ಚವ್ರೆ, ಅದನ್ನ ತಂದು ನಿನ್ನ ಬಾಯಿಗೆ ಹಾಕ್ಬೇಕಿತ್ತು."

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಆ ಆಟದ ಕೊನೆಯನ್ನು ನೆನಪಿನಿಂದ ಹಾಗೇ ಜೋಡಿಸಿದೆ. ನಾಲ್ಕು ಕಡೆ ಎಲೆ, ಎರಡು ಗೂಬೆ, ಒಂದು ಹೆಜ್ಜೆ ದೂರದ ಸೂರ್ಯ. ಅವಳ ನೀಲಿ ಹಾಕಿ ನೋಡಿದೆ. ಒಂದು ಗೂಬೆ ಗೂಡು ಸೇರಿತು, ಇನ್ನೊಂದು ಹೊರಗೇ ಉಳಿಯಿತು. ಒಂದು ಎಲೆಗೆ ಒಂದೇ ಗೂಬೆ ತಾನೇ ಹಾರುವುದು? ಆಮೇಲೆ ನನ್ನ ಸರದಿ. ನನ್ನ ಮುಂದಿನ ಮೂರು ಎಲೆಗಳಲ್ಲಿ ಒಂದು ಸೂರ್ಯನ ಎಲೆ. ಅದು ಒಂದು ಸುತ್ತಿನ ಹಿಂದೆಯೇ ನನ್ನ ಕೈಗೆ ಬಂದು ಕೂತಿತ್ತು! ಎಲ್ಲರ ಎಲೆ ನೋಡುವ ಗಡಿಬಿಡಿಯಲ್ಲಿ ನನ್ನದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳು ನೀಲಿ ಹಾಕಿದ್ದರೂ ಸೋಲೇ, ಹಳದಿ ಹಾಕಿದರೂ ಸೋಲೇ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು ನನ್ನ ಕಥೆ.

ಆವತ್ತು ನನಗೆ ಹೋದ ವರ್ಷದ ಗುಂಪು ಚಟುವಟಿಕೆ ನೆನಪಾಯಿತು. ನಾಲ್ಕು ಜನ ಸೇರಿ ಮಳೆನೀರು ಕೊಯ್ಲಿನ ಮಾದರಿ ಮಾಡಬೇಕಿತ್ತು. ರಟ್ಟು ಕತ್ತರಿಸಿದ್ದು ನಾನು, ಪೈಪು ಕೂರಿಸಿದ್ದು ನಾನು, ಚಾರ್ಟು ಬರೆದದ್ದು ನಾನು. ಇವರ ಅಕ್ಷರ ಚೆನ್ನಾಗಿಲ್ಲ, ಇವರಿಗೆ ತಿಳಿಯೋದಿಲ್ಲ ಅಂತ ಬಣ್ಣ ತುಂಬುವ ಕೆಲಸ ಮಾತ್ರ ಕೊಟ್ಟಿದ್ದೆ. ಕೆಳಗೆ ನಾಲ್ಕು ಹೆಸರು. ನೋಡಲು ಬಂದವರು ಇದೇ ಗೆಳತಿಯನ್ನು ಪ್ರಶ್ನೆ ಕೇಳಿದಾಗ ಅವಳು ತಲೆ ತಗ್ಗಿಸಿ ನಿಂತಳು. ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ನಾಚಿಕೆ ಬರುತ್ತದೆ. ನಾನು ಗೊತ್ತುಮಾಡಲು ಬಿಟ್ಟಿದ್ದರೆ ತಾನೇ ಅವಳಿಗೆ ಗೊತ್ತಾಗುವುದು? ಹೆಸರಿಗೆ ಗುಂಪು, ಆಡಿದ್ದು ಒಂಟಿ ಆಟ. ನಮ್ಮ ತರಗತಿಯಲ್ಲಿ ಪ್ರತಿ ಗುಂಪಿನಲ್ಲೂ ನನ್ನಂಥ ಒಬ್ಬರು ಇದ್ದಾರೆ. ಎದೆ ಮುಟ್ಟಿ ಹೇಳಿ, ಇಲ್ಲವೇ?

ಹಾಗಂತ ಒಂಟಿಯಾಗಿ ಆಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಇದ್ದಾಗ ಒಬ್ಬರೇ ಆಡಿ, ಚೆನ್ನಾಗಿ ಕಲಿಯಿರಿ. ನಾಲ್ಕು ಜನರ ನಡುವೆ ಕೂತು ಒಬ್ಬರೇ ಆಡುವುದು ತಪ್ಪು. 'ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ' ಅನ್ನುತ್ತಾರೆ ಹಿರಿಯರು. ಹತ್ತು ಜನ ಒಂದೊಂದು ಕಡ್ಡಿ ಕೊಡುವುದಕ್ಕೆ ಮೊದಲು ಅವರ ಕೈಯಲ್ಲಿ ಕಡ್ಡಿ ಇರಲು ಬಿಡಬೇಕು.

ಸಹಪಾಠಿಗಳಿಗೆ ನನ್ನ ಸಲಹೆ ಎರಡೇ. ಗೊತ್ತಿದ್ದವರು ಕೇಳಿದಾಗ ಮಾತ್ರ ಹೇಳೋಣ. ಸೋತಾಗ 'ನೀನು' ಅನ್ನುವ ಬದಲು 'ನಾವು' ಅನ್ನೋಣ. ಗುರುಗಳಲ್ಲಿ ಎರಡು ವಿನಂತಿ. ಗುಂಪು ಚಟುವಟಿಕೆಯಲ್ಲಿ ಮುಂದಾಳನ್ನು ಕೇಳುವ ಮೊದಲು ಮೂಲೆಯಲ್ಲಿ ನಿಂತವರನ್ನು ಕೇಳಿ, ಆಗ ನಮ್ಮಂಥವರು ಅವರಿಗೂ ಕೆಲಸ ಕೊಡುತ್ತೇವೆ. ಇನ್ನೊಂದು, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಗೂಬೆ ಆಟ ಆಡಲು ದಯವಿಟ್ಟು ಅನುಮತಿ ಕೊಡಿ. ಖರ್ಚೇನೂ ಇಲ್ಲ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಸ್ಕೆಚ್ ಪೆನ್ನಿನಿಂದ ಬಣ್ಣ ಹಾಕಿ ಎರಡು ಕಟ್ಟು ಎಲೆ ಆಗಲೇ ಮಾಡಿದ್ದೇನೆ. ಗೂಬೆಗೆ ಹುಣಸೆ ಬೀಜ. ಅಜ್ಜಿ "ಗೂಬೆ ಬೇಡ, ಗಿಳಿ ಮಾಡು" ಅಂದರು. ಗಿಳಿ ಗೂಡು ಸೇರೋದು ಸಂಜೆಗೆ, ಬೆಳಗ್ಗೆ ಅಲ್ಲ ಅಂದಾಗ ಒಪ್ಪಿಕೊಂಡರು.

ಕೊನೆಯ ಮಾತು ಆ ಗೆಳತಿಗೆ. ನೀನು ಪ್ರತಿ ತಿಂಗಳೂ ಗೋಡೆ ಪತ್ರಿಕೆಯನ್ನು ಮೊದಲ ದಿನವೇ ಓದುವವಳು ಅಂತ ನನಗೆ ಗೊತ್ತು. ನಿನ್ನ ಹಳದಿ ಎಲೆ ತಪ್ಪಾಗಿರಲಿಲ್ಲ ಕಣೇ. ಸೂರ್ಯ ನನ್ನ ಕೈಯಲ್ಲಿದ್ದ. ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರೂ ಓದುವ ಜಾಗದಲ್ಲೇ ಕ್ಷಮೆ ಕೇಳುತ್ತಿದ್ದೇನೆ. ಭಾನುವಾರ ಬಾ. ನಿನ್ನ ಮೂರು ಎಲೆ ನಿನ್ನವೇ. ನಾನು ಬಾಯಿ ಬಿಡುವುದು 'ಗೂ ಗೂ' ಅನ್ನುವುದಕ್ಕೆ ಮಾತ್ರ.

ತಪ್ಪಿದ್ದರೆ ತಿದ್ದಿ, ಒಪ್ಪಿದ್ದರೆ ಶನಿವಾರ ಆಡೋಣ ಬನ್ನಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ