ಶೇಕಡಾ ಹತ್ತರ ಪ್ರಾಮಾಣಿಕತೆ: ಸಂಶೋಧನೆಗೆ ಕಾವಲು ಯಾರು?

ಇಜೇರಿ: ಜೇವರ್ಗಿ ಸೀಮೆಯ ಈ ಊರಿನಿಂದ ಹೊರಟ ವಿದ್ಯಾರ್ಥಿಯೊಬ್ಬ ಪಿಎಚ್.ಡಿ. ಮಾಡಬಯಸಿದರೆ ಇಂದು ಬೆಂಗಳೂರು, ಧಾರವಾಡಗಳ ಕಡೆ ನೋಡಬೇಕಾದ ಅಗತ್ಯವಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯ ಜಿಲ್ಲಾ ಕೇಂದ್ರದಲ್ಲಿದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ತೊಗರಿ ಬೆಳೆಯುವ ಮನೆಗಳಿಂದ, ಅಕ್ಷರ ಕಲಿತ ಮೊದಲ ತಲೆಮಾರಿನಿಂದ ಸಂಶೋಧಕರು ಬರುತ್ತಿರುವುದು ಈ ಭಾಗದ ಮಟ್ಟಿಗೆ ಸಣ್ಣ ಸಂಗತಿಯೇನಲ್ಲ.

ಆದರೆ ಇಂತಹ ವಿದ್ಯಾರ್ಥಿ ಪದವಿ ಪಡೆದು ಹೊರಬರುವ ಹೊತ್ತಿಗೆ ಆ ಪದವಿಗೆ ಎಷ್ಟು ಬೆಲೆ ಉಳಿದಿರುತ್ತದೆ? ಪ್ರಶ್ನೆ ಕಹಿಯಾದರೂ ಕೇಳಲೇಬೇಕಾಗಿದೆ. ನಕಲು ಪ್ರಬಂಧ, ಹಣ ಕೊಟ್ಟರೆ ಅಚ್ಚಾಗುವ ಪತ್ರಿಕೆ, ತಿದ್ದಿದ ಚಿತ್ರ, ಓದದೆ ಸಹಿ ಹಾಕುವ ಮಾರ್ಗದರ್ಶಕ, ಇವೆಲ್ಲ ಸೇರಿ ಪ್ರಾಮಾಣಿಕವಾಗಿ ದುಡಿದವನ ಮಹಾಪ್ರಬಂಧವನ್ನೂ ಸಂದೇಹದ ಕಣ್ಣಿನಿಂದ ನೋಡುವಂತೆ ಮಾಡಿವೆ. ಹೆಸರು, ಬಳಗ, ಶಿಫಾರಸು ಇರುವವರಿಗೆ ಇದರಿಂದ ನಷ್ಟ ಕಡಿಮೆ. ಪದವಿಯೊಂದನ್ನೇ ನಂಬಿ ಬಂದವರಿಗೆ ನಷ್ಟ ಹೆಚ್ಚು.

ಅಂಕಿಯ ಕಾಯಿದೆ

ಈ ಪಿಡುಗಿಗೆ ಕಡಿವಾಣ ಹಾಕಲೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ಕೃತಿಚೌರ್ಯ ತಡೆ ನಿಯಮಾವಳಿಯನ್ನು ಹೊರಡಿಸಿತು. ಅದರ ಲೆಕ್ಕಾಚಾರ ಸರಳವಾಗಿದೆ. ಮಹಾಪ್ರಬಂಧದಲ್ಲಿ ಇತರರ ಬರಹದೊಂದಿಗೆ ಶೇ. 10ರವರೆಗೆ ಸಾಮ್ಯ ಕಂಡುಬಂದರೆ ದಂಡನೆಯಿಲ್ಲ. ಶೇ. 10ನ್ನು ಮೀರಿ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಕಾಲ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಿತ ಬರಹಗಳಿಗೂ ಇದೇ ಬಗೆಯ ಹಂತಗಳಿದ್ದು, ವಾರ್ಷಿಕ ವೇತನ ಬಡ್ತಿ ತಡೆಹಿಡಿಯುವುದರಿಂದ ಹಿಡಿದು ಮೂರು ವರ್ಷ ಮಾರ್ಗದರ್ಶನ ನೀಡದಂತೆ ನಿರ್ಬಂಧಿಸುವವರೆಗೆ ಶಿಕ್ಷೆಗಳಿವೆ.

ನಿಯಮವೇ ಇಲ್ಲದಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ. ಪದವಿ ದೊರೆತ ಮೇಲೆ ಚೌರ್ಯ ಸಾಬೀತಾದರೂ ಪದವಿಯನ್ನು ಅಮಾನತಿನಲ್ಲಿಡಲು ಇಲ್ಲಿ ಅವಕಾಶವಿದೆ. ಆದರೆ ನಿಯಮ ಜಾರಿಗೆ ಬಂದ ಬಳಿಕ ಸಂಶೋಧಕರ ನಡುವಿನ ಮಾತೇ ಬದಲಾಗಿಬಿಟ್ಟಿತು. ‘ಹೊಸದಾಗಿ ಏನನ್ನು ಕಂಡುಕೊಂಡೆ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಎಷ್ಟು ಪರ್ಸೆಂಟ್ ಬಂತು?’ ಎಂಬ ಪ್ರಶ್ನೆ ಕುಳಿತಿದೆ. ಹತ್ತಕ್ಕಿಂತ ಕೆಳಗೆ ಬಂದರೆ ಪ್ರಾಮಾಣಿಕ, ಮೇಲೆ ಹೋದರೆ ಅಪ್ರಾಮಾಣಿಕ! ನೀತಿಯನ್ನು ತಕ್ಕಡಿಗೆ ಹಾಕಿದಾಗ ತಕ್ಕಡಿಯನ್ನು ವಂಚಿಸುವ ವಿದ್ಯೆಯೂ ಬೆಳೆಯುತ್ತದೆ. ಪದಗಳನ್ನು ಅದಲುಬದಲು ಮಾಡಿ ಶೇಕಡಾವಾರು ಇಳಿಸಿಕೊಡುವುದೇ ಒಂದು ಕಸುಬಾಗಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಈ ಕೆಲಸಕ್ಕೆ ಮನುಷ್ಯನೂ ಬೇಕಿಲ್ಲ.

ಕನ್ನಡಕ್ಕೆ ಕಾಣದ ಕಣ್ಣು

ಕನ್ನಡದಲ್ಲಿ ಬರೆಯುವ ಮಹಾಪ್ರಬಂಧಗಳ ಸ್ಥಿತಿ ಇನ್ನೂ ವಿಚಿತ್ರ. ಸಾಮ್ಯ ಹುಡುಕುವ ತಂತ್ರಾಂಶ ತನ್ನ ಭಂಡಾರದಲ್ಲಿ ಇರುವ ಪಠ್ಯದೊಂದಿಗೆ ಮಾತ್ರ ಹೋಲಿಸಬಲ್ಲದು. ನಮ್ಮ ವಿದ್ವತ್ ಸಂಪತ್ತಿನ ಬಹುಭಾಗ ಅಚ್ಚಿನ ಪುಸ್ತಕಗಳಲ್ಲಿ, ‘ಪ್ರಬುದ್ಧ ಕರ್ಣಾಟಕ’, ‘ಶಿವಾನುಭವ’ದಂತಹ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಇದೆ. ಅವುಗಳಲ್ಲಿ ಕೆಲವು ಸ್ಕ್ಯಾನ್ ಆಗಿದ್ದರೂ ಬರಿಯ ಚಿತ್ರಗಳಾಗಿ ಉಳಿದಿವೆ. ಹುಡುಕಬಲ್ಲ ಅಕ್ಷರಗಳಾಗಿಲ್ಲ. ಯುನಿಕೋಡ್ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಗಣಕಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇಂಗ್ಲಿಷಿನಿಂದಲೋ ಮರಾಠಿಯಿಂದಲೋ ಇಡೀ ಅಧ್ಯಾಯವನ್ನು ಅನುವಾದಿಸಿ ತನ್ನದೆಂದು ಬರೆದುಕೊಂಡರೆ ಅದನ್ನು ಹಿಡಿಯುವುದು ಯಂತ್ರಕ್ಕೆ ಇನ್ನೂ ಕಷ್ಟ. ಹೀಗಾಗಿ ಕನ್ನಡ ಪ್ರಬಂಧದ ಸಾಮ್ಯ ಶೇ. 2 ಎಂದು ಬಂದರೆ ಅದು ಪ್ರಾಮಾಣಿಕತೆಯ ಪ್ರಮಾಣಪತ್ರವೇ ಆಗಿರಬೇಕೆಂದಿಲ್ಲ. ಹೋಲಿಸಲು ಏನೂ ಸಿಗಲಿಲ್ಲ ಎಂದೂ ಅರ್ಥವಾಗಬಹುದು.

ಇದಕ್ಕಿಂತ ಆಳದ ಕಳವೊಂದಿದೆ. ಜೇವರ್ಗಿ ಸೀಮೆಯ ಕಡಕೋಳ ತತ್ವಪದಕಾರ ಮಡಿವಾಳಪ್ಪನವರ ಊರು. ಅವರ ಪದಗಳನ್ನು ಇಂದಿಗೂ ಭಜನಾ ಮಂಡಳಿಗಳು ಹಾಡುತ್ತವೆ. ಈ ಭಾಗದ ಮೊಹರಂ ಪದ, ಹಂತಿ ಪದಗಳೂ ಹಾಡುಗಾರರ ನೆನಪಿನಲ್ಲೇ ಉಳಿದುಬಂದಿವೆ. ಸಂಶೋಧಕ ಊರಿಗೆ ಬರುತ್ತಾನೆ, ರಾತ್ರಿಯಿಡೀ ಹಾಡಿಸಿ ಧ್ವನಿಮುದ್ರಿಸಿಕೊಂಡು ಹೋಗುತ್ತಾನೆ. ಪುಸ್ತಕದಲ್ಲಿ ಆತನ ಹೆಸರು ಮುಖಪುಟದ ಮೇಲಿರುತ್ತದೆ. ಹಾಡಿದವರ ಹೆಸರು ಅನುಬಂಧದ ಮೂಲೆಯಲ್ಲಿದ್ದರೆ ಪುಣ್ಯ. ಪದದ ಅರ್ಥವನ್ನು ವಿವರಿಸಿದ ಹಿರಿಯರ ಮಾತು ‘ನನ್ನ ಅಭಿಪ್ರಾಯದಲ್ಲಿ’ ಎಂದು ಆರಂಭವಾಗುವ ವಾಕ್ಯವಾಗಿ ಮಾರ್ಪಟ್ಟರೆ ಅದನ್ನು ಯಾವ ತಂತ್ರಾಂಶ ಹಿಡಿದೀತು?

ಹಣ ಕೊಟ್ಟರೆ ಪ್ರಕಟಣೆ

ಪ್ರಕಟಣೆಯ ಮಾರುಕಟ್ಟೆ ತಾನಾಗಿ ಹುಟ್ಟಿದ್ದಲ್ಲ. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕ ಪದ್ಧತಿಯನ್ನು ತಂದಿತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಬೇಕೆಂಬ ಷರತ್ತೂ ಇತ್ತು. ಪ್ರಕಟಿಸಲೇಬೇಕಾದವರ ಸಂಖ್ಯೆ ಸಾವಿರಗಟ್ಟಲೆ ಏರಿತು. ಓದಿ ಪರಾಮರ್ಶಿಸಿ ಪ್ರಕಟಿಸುವ ಪತ್ರಿಕೆಗಳ ಸಂಖ್ಯೆ ಏರಲಿಲ್ಲ. ಆ ಅಂತರವನ್ನು ಹಣ ಪಡೆದು ಕೆಲವೇ ದಿನಗಳಲ್ಲಿ ಅಚ್ಚು ಹಾಕುವ ಪತ್ರಿಕೆಗಳು ತುಂಬಿದವು.

ಇದು ಭಾರತಕ್ಕಷ್ಟೇ ಸೀಮಿತವಾದ ರೋಗವಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಯ ಪರವಾಗಿ ಜಾನ್ ಬೊಹನಾನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಲೇಖನವೊಂದನ್ನು 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ನಮ್ಮ ನೆರೆಯ ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತದ ತೀರ್ಪು ನೀಡಿತು. ಲೇಖಕರನ್ನು ದಾರಿ ತಪ್ಪಿಸಿದ ಆರೋಪ ಅದರ ಮೇಲಿತ್ತು. 2023ರಲ್ಲಿ ಹಿಂದಾವಿ ಪ್ರಕಾಶನವೊಂದೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಬೇಕಾಯಿತು.

ಯುಜಿಸಿ ಪರಿಹಾರವಾಗಿ ಪಟ್ಟಿಗಳನ್ನು ಮಾಡಿತು. 2017ರಲ್ಲಿ ಬಂದ ಅನುಮೋದಿತ ಪತ್ರಿಕೆಗಳ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಹೆಸರುಗಳನ್ನು ತೆಗೆಯಬೇಕಾಯಿತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಪಟ್ಟಿ ಸೇರಿದ್ದ ಪತ್ರಿಕೆಗಳನ್ನು ಪರಿಶೀಲಿಸಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದೇ ವರ್ಷ ಪ್ರಕಟವಾದ ಅಧ್ಯಯನ, ಅವುಗಳಲ್ಲಿ ಸುಮಾರು ಶೇ. 88ರಷ್ಟು ಕಳಪೆಯಾಗಿರಬಹುದೆಂದು ಹೇಳಿತು. ಶಿಫಾರಸು ಮಾಡಿದವರು ಯಾರು? ವಿಶ್ವವಿದ್ಯಾಲಯಗಳೇ! ನಂತರ 2019ರಲ್ಲಿ ‘ಕೇರ್’ ಪಟ್ಟಿ ಬಂದಿತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟ ಸುದ್ದಿ ಹೊರಬಿದ್ದಿತು. ಪತ್ರಿಕೆಯ ಗುಣಮಟ್ಟ ನಿರ್ಧರಿಸುವ ಹೊಣೆ ಈಗ ಮತ್ತೆ ವಿಶ್ವವಿದ್ಯಾಲಯಗಳ ಹೆಗಲೇರಿದೆ.

2022ರ ನಿಯಮಾವಳಿ ಪಿಎಚ್.ಡಿ.ಗೆ ಲೇಖನ ಪ್ರಕಟಣೆಯ ಕಡ್ಡಾಯವನ್ನು ಸಡಿಲಿಸಿದ್ದು ಸ್ವಾಗತಾರ್ಹ. ಆದರೆ ನೇಮಕಾತಿಯ ಲೆಕ್ಕ ಉಳಿದೇ ಇತ್ತು. 2018ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಕರೆಯುವ ಪಟ್ಟಿಯಲ್ಲಿ ಪಿಎಚ್.ಡಿ.ಗೆ 30 ಅಂಕ, ಪ್ರಕಟಿತ ಲೇಖನಗಳಿಗೆ ತಲಾ 2ರಂತೆ ಗರಿಷ್ಠ 10 ಅಂಕ. ಐದು ಲೇಖನಗಳನ್ನು ಹೊಂದಿಸಿಕೊಂಡವನು ಒಂದೇ ಲೇಖನಕ್ಕೆ ಐದು ವರ್ಷ ಕೊಟ್ಟವನನ್ನು ಹಿಂದಿಕ್ಕುವುದು ಇಲ್ಲಿ ಸಹಜ. ತಪ್ಪನ್ನು ಅಭ್ಯರ್ಥಿಯ ಮೇಲಷ್ಟೇ ಹೊರಿಸಿದರೆ ಲೆಕ್ಕ ಮುಗಿಯುವುದಿಲ್ಲ.

ಬೆಂಗಳೂರಿನ ಎರಡು ಪಾಠಗಳು

ಸಂಪನ್ಮೂಲವಿಲ್ಲದ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಹೀಗಾಗುತ್ತದೆ ಎಂಬ ಭಾವನೆ ಇದ್ದರೆ ಅದನ್ನು ಬಿಡಬೇಕು. ಕರ್ನಾಟಕದ ಅತ್ಯಂತ ಪ್ರತಿಷ್ಠಿತ ವಿಜ್ಞಾನ ಸಂಸ್ಥೆಗಳೂ ಈ ಪರೀಕ್ಷೆಯನ್ನು ಎದುರಿಸಿವೆ.

2011ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಪ್ರೊ. ಸಿ.ಎನ್.ಆರ್. ರಾವ್ ಅವರೂ ಸಹಲೇಖಕರಾಗಿದ್ದ ಪ್ರಬಂಧವೊಂದರಲ್ಲಿ ಬೇರೆ ಲೇಖನದ ಕೆಲವು ವಾಕ್ಯಗಳು ಯಥಾವತ್ ಇದ್ದುದು ಬೆಳಕಿಗೆ ಬಂದಿತು. ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ಫಲಿತಾಂಶಗಳ ಬಗ್ಗೆ ತಕರಾರಿರಲಿಲ್ಲವಾದ್ದರಿಂದ ಪ್ರಬಂಧವನ್ನು ಹಿಂಪಡೆಯಲಿಲ್ಲ. ಪೀಠಿಕೆಯನ್ನು ಬರೆದದ್ದು ವಿದ್ಯಾರ್ಥಿ ಎಂಬ ವಿವರಣೆ ಬಂದಿತು. 2012ರ ಆರಂಭದಲ್ಲಿ ದೇಶದಾದ್ಯಂತ ನಡೆದ ಚರ್ಚೆಯಲ್ಲಿ ಕೇಳಿಬಂದ ಮುಖ್ಯ ಪ್ರಶ್ನೆ ಒಂದೇ: ಪ್ರಬಂಧದ ಕೀರ್ತಿ ಎಲ್ಲ ಲೇಖಕರಿಗೂ ಸಲ್ಲುವುದಾದರೆ ಲೋಪ ಮಾತ್ರ ಕಿರಿಯನೊಬ್ಬನದಾಗುವುದು ಹೇಗೆ?

ಎರಡನೆಯದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ (ಎನ್‌ಸಿಬಿಎಸ್) ಸಂಬಂಧಿಸಿದ್ದು. 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳ ಬಗ್ಗೆ ಹೊರಗಿನ ಓದುಗರು ಸಂದೇಹ ಎತ್ತಿದರು. ಸಂಸ್ಥೆ ವಿಚಾರಣೆ ನಡೆಸಿತು. 2021ರಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಹೊಣೆ ಯಾರದೆಂಬ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನಿಜ. ಆದರೂ ದೂರನ್ನು ಮುಚ್ಚಿಡದೆ ತಿಂಗಳುಗಳಲ್ಲಿ ಇತ್ಯರ್ಥಕ್ಕೆ ತಂದದ್ದು ಗಮನಾರ್ಹ.

ಈ ಎರಡನೆಯ ಪ್ರಕರಣದಲ್ಲಿ ಲೋಪವನ್ನು ಹಿಡಿದದ್ದು ಶೇಕಡಾವಾರು ಅಂಕಿಯಲ್ಲ, ಗಮನವಿಟ್ಟು ಓದುವವರು. ಹಾಗೆ ಓದುವವರು ಇದ್ದಲ್ಲಿ ಲೋಪ ಬಯಲಾಗುತ್ತದೆ. ಇಲ್ಲದಲ್ಲಿ ಅದು ಪದವಿಯಾಗಿ, ಬಡ್ತಿಯಾಗಿ ಉಳಿದುಬಿಡುತ್ತದೆ.

ಎರಡು ಬಗೆಯ ಹಿಂಪಡೆಯುವಿಕೆ

ಸಂಶೋಧನಾ ನೀತಿಯ ಮಾತು ನಮಗೆ ಹೊರಗಿನಿಂದ ಬಂದದ್ದೇನಲ್ಲ. ಈ ಸೀಮೆಗೆ ಹೊಂದಿಕೊಂಡ ಸಿಂದಗಿ ತಾಲ್ಲೂಕಿನ ಯರಗಲ್ಲದಲ್ಲಿ ಹುಟ್ಟಿದ ಡಾ. ಎಂ.ಎಂ. ಕಲಬುರ್ಗಿ ಗ್ರಂಥ ಸಂಪಾದನೆಯನ್ನೇ ಒಂದು ಶಾಸ್ತ್ರವಾಗಿ ಬರೆದವರು, ಸಮಗ್ರ ವಚನ ಸಂಪುಟಗಳ ಸಂಪಾದನೆಯ ಹೊಣೆ ಹೊತ್ತವರು. ಆ ಶಾಸ್ತ್ರದ ಮೊದಲ ಪಾಠ ಪಾಠಾಂತರ. ಯಾವ ಪ್ರತಿಯಲ್ಲಿ ಯಾವ ಪಾಠ ಸಿಕ್ಕಿತು, ತಾನು ಯಾವುದನ್ನು ಒಪ್ಪಿದೆ, ಯಾವುದನ್ನು ಬಿಟ್ಟೆ ಎಂದು ಅಡಿಟಿಪ್ಪಣಿಯಲ್ಲಿ ಓದುಗನಿಗೆ ಒಪ್ಪಿಸಬೇಕು. ತನ್ನ ನಿರ್ಣಯವನ್ನು ಮುಂದಿನವರು ಪರೀಕ್ಷಿಸಲು ದಾರಿ ಬಿಡುವುದೇ ಇದರ ತಿರುಳು.

ಅದೇ ಕಲಬುರ್ಗಿಯವರು ‘ಮಾರ್ಗ’ ಸಂಪುಟದ ಲೇಖನಗಳ ಕೆಲವು ನಿಲುವುಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಹತ್ಯೆಯಾಯಿತು. ಆಧಾರ ತಪ್ಪೆಂದು ತಿಳಿದಾಗ ಹಿಂಪಡೆಯುವುದು ಸಂಶೋಧನೆಯ ಆರೋಗ್ಯದ ಲಕ್ಷಣ. ಬೆದರಿಕೆಗೆ ಹಿಂಪಡೆಯಬೇಕಾಗುವುದು ಸಮಾಜದ ಅನಾರೋಗ್ಯದ ಲಕ್ಷಣ. ಮೊದಲನೆಯದಕ್ಕೆ ನಾಚಿ, ಎರಡನೆಯದನ್ನು ಸಹಿಸಿಕೊಳ್ಳುವ ವಾತಾವರಣದಲ್ಲಿ ವಿದ್ಯಾರ್ಥಿ ಕಲಿಯುವ ಪಾಠವೇನು? ಹೊಸದನ್ನು ಹೇಳುವುದು ಅಪಾಯ, ಹಳೆಯದನ್ನೇ ನಕಲು ಮಾಡುವುದು ಕ್ಷೇಮ ಎಂಬುದಲ್ಲವೇ?

ಆಗಬೇಕಾದದ್ದೇನು?

ಹೊಸ ಕಾಯಿದೆಗಿಂತ ಇರುವುದರ ಪಾಲನೆ ಮುಖ್ಯ. ಪ್ರಬಂಧ ಚೌರ್ಯಮುಕ್ತವೆಂದು ಮಾರ್ಗದರ್ಶಕ ಪ್ರಮಾಣಪತ್ರ ನೀಡಬೇಕೆಂದು 2018ರ ನಿಯಮವೇ ಹೇಳುತ್ತದೆ. ಆದರೆ ಮಹಾಪ್ರಬಂಧದ ದಂಡನೆಯ ಪಟ್ಟಿ ವಿದ್ಯಾರ್ಥಿಯ ಕಡೆಗೇ ನೋಡುತ್ತದೆ. ಸಹಿಗೂ ಹೊಣೆ ಇರಬೇಕು. ಒಬ್ಬ ಪ್ರಾಧ್ಯಾಪಕರಿಗೆ ಏಕಕಾಲಕ್ಕೆ ಎಂಟು ಪಿಎಚ್.ಡಿ. ವಿದ್ಯಾರ್ಥಿಗಳವರೆಗೆ ಅವಕಾಶವಿದೆ. ಎಂಟು ಪ್ರಬಂಧಗಳನ್ನು ನಿಜವಾಗಿ ಓದಲು ಬಿಡುವಿದೆಯೇ ಎಂದು ಅವರೇ ಕೇಳಿಕೊಳ್ಳಬೇಕು. ಮೌಖಿಕ ಪರೀಕ್ಷೆ ಇತರ ಅಧ್ಯಾಪಕರಿಗೂ ಸಂಶೋಧಕರಿಗೂ ತೆರೆದಿರಬೇಕೆಂಬ ನಿಯಮವಿದೆ. ಅದು ಹಾರ, ಶಾಲು, ಫಲಾಹಾರಗಳ ಸಮಾರಂಭವಾಗದೆ ಪ್ರಶ್ನೆಗಳ ಕೂಟವಾಗಬೇಕು. ಚೌರ್ಯದ ದೂರುಗಳನ್ನು ನೋಡುವ ಸಮಿತಿಗಳು ವರ್ಷಕ್ಕೊಮ್ಮೆಯಾದರೂ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂದು ಬಹಿರಂಗಪಡಿಸಬೇಕು. ಕನ್ನಡದ ಹಳೆಯ ಪತ್ರಿಕೆಗಳನ್ನೂ ಪ್ರಬಂಧಗಳನ್ನೂ ಹುಡುಕಬಲ್ಲ ಯುನಿಕೋಡ್ ಪಠ್ಯವಾಗಿಸುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡರೆ ನಕಲು ಹಿಡಿಯುವುದಕ್ಕಿಂತ ಹೆಚ್ಚಾಗಿ ಒಳ್ಳೆಯ ಸಂಶೋಧನೆಗೇ ನೆರವಾದೀತು. ಜನಪದ, ತತ್ವಪದಗಳ ಸಂಶೋಧನೆಯಲ್ಲಿ ಹಾಡಿದವರ ಒಪ್ಪಿಗೆ, ಹೆಸರು, ಊರು ದಾಖಲಾಗದೆ ಪ್ರಬಂಧವನ್ನು ಸ್ವೀಕರಿಸಬಾರದು.

ವಚನಕಾರರೂ ತತ್ವಪದಕಾರರೂ ತಮ್ಮ ರಚನೆಗೆ ಅಂಕಿತವಿಟ್ಟವರು. ಈ ಸೀಮೆಯಲ್ಲಿ ಓದುಬರಹ ಬಾರದ ಹಾಡುಗಾರನೂ ಪದ ಮುಗಿಸುವಾಗ ಆ ಅಂಕಿತವನ್ನು ನುಂಗುವುದಿಲ್ಲ, ತನ್ನ ಹೆಸರನ್ನು ಅಲ್ಲಿ ಸೇರಿಸುವುದೂ ಇಲ್ಲ. ಆತನಿಗೆ ಅದನ್ನು ಯಾವ ನಿಯಮಾವಳಿಯೂ ಕಲಿಸಲಿಲ್ಲ. ಇಂತಹ ಊರುಗಳಿಂದ ವಿಶ್ವವಿದ್ಯಾಲಯದ ಮೆಟ್ಟಿಲೇರುವ ಹುಡುಗ ಹುಡುಗಿಯರಿಗೆ ಅಲ್ಲಿ ಶೇಕಡಾ ಹತ್ತರ ಲೆಕ್ಕವನ್ನಷ್ಟೇ ಕಲಿಸಿ ಕಳುಹಿಸಿದರೆ ತಪ್ಪು ಅವರದಲ್ಲ, ಕಲಿಸಿದವರದು.