ಗೀಳುರೋಗಕ್ಕೆ ಅಯಸ್ಕಾಂತ: ಸೊರಬಕ್ಕೆ ಮೊದಲು ಬೇಕಾದುದೇನು?

ಬಾಗಿಲಿಗೆ ಚಿಲಕ ಹಾಕಿ ಬಂದವನು ಮತ್ತೊಮ್ಮೆ ಹೋಗಿ ನೋಡುವುದು ಸ್ವಾಭಾವಿಕ. ಇಪ್ಪತ್ತು ಸಲ ನೋಡಿಯೂ ಸಂಶಯ ತೀರದೆ, ಅದು ಅರ್ಥವಿಲ್ಲದ ಕೆಲಸವೆಂದು ಬಲ್ಲವನಾದರೂ ಇಪ್ಪತ್ತೊಂದನೆಯ ಸಲ ಏಳುವವನು ಗೀಳುರೋಗಿ. ನಮ್ಮ ಕಡೆ ಈ ರೋಗವು ಎಷ್ಟೋ ವೇಳೆ ಮಡಿಯ ಮರೆಯಲ್ಲಿ ಅಡಗಿರುತ್ತದೆ. ತೊಳೆದು ತೊಳೆದು ಕೈಯ ಚರ್ಮ ಬಿರಿದ ಹೆಣ್ಣುಮಗಳನ್ನು 'ಬಹಳ ಮಡಿಯವಳು' ಎಂದು ಮೆಚ್ಚುವುದೂ ಉಂಟು!

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸಾವಿರಕ್ಕೆ ಸುಮಾರು 8 ಮಂದಿಗೆ ಈ ರೋಗವಿದ್ದುದು ಕಂಡುಬಂದಿತು. ಶಿಕಾರಿಪುರ, ಸೊರಬ ತಾಲ್ಲೂಕುಗಳೆರಡರ ಜನಸಂಖ್ಯೆ ಸುಮಾರು 4 ಲಕ್ಷ. ಅದೇ ಪ್ರಮಾಣವನ್ನು ಇಲ್ಲಿಗೂ ಹಿಡಿದರೆ ಎರಡು ಸಾವಿರ ಮಂದಿಯಾದರೂ ಆಗುತ್ತಾರೆ.

ಈಗ ಇದಕ್ಕೆ ಅಯಸ್ಕಾಂತದ ಚಿಕಿತ್ಸೆ ಬಂದಿದೆ. ಇದರ ಮೂಲತತ್ತ್ವವನ್ನು ನಮ್ಮ ವಾಚಕರು ಶಾಲೆಯಲ್ಲಿಯೇ ಓದಿರುತ್ತಾರೆ: ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದನು. ಇಲ್ಲಿ ಮಿದುಳೇ ವಾಹಕ. ತಲೆಯ ಮೇಲಿಟ್ಟ ತಂತಿಯ ಸುರುಳಿಯಲ್ಲಿ ಕ್ಷಣಾರ್ಧಕ್ಕೂ ಕಡಿಮೆ ಕಾಲ ಪ್ರಬಲವಾದ ವಿದ್ಯುತ್ತನ್ನು ಹರಿಸಿದರೆ, ಅದರ ಕಾಂತಕ್ಷೇತ್ರವು ತಲೆಬುರುಡೆಯನ್ನು ತಡೆಯಿಲ್ಲದೆ ದಾಟಿ ನರಕೋಶಗಳನ್ನು ಚೋದಿಸುತ್ತದೆ. ಷೆಫೀಲ್ಡಿನ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಸಾಧಿಸಿದರು. ರೋಗಿಯು ಎಚ್ಚರವಾಗಿಯೇ ಇರುತ್ತಾನೆ, ಅರಿವಳಿಕೆ ಬೇಡ. ತಲೆನೋವು ಬರಬಹುದು, ಅಪರೂಪವಾಗಿ ಸೆಳವೂ ಬರಬಹುದು.

2018ರಲ್ಲಿ ಅಮೆರಿಕ ಸರ್ಕಾರವು ಗೀಳುರೋಗಕ್ಕೆ ಇದನ್ನು ಒಪ್ಪಿತು. ಅದಕ್ಕೆ ಆಧಾರವಾದ ಪ್ರಯೋಗದ ಒಂದು ವಿವರ ನಮಗೆ ಬಹಳ ಹಿಡಿಸಿತು. ಪ್ರತಿ ಸಲವೂ ಸುರುಳಿಯನ್ನು ಚಾಲೂ ಮಾಡುವ ಮೊದಲು ರೋಗಿಯ ಗೀಳನ್ನು ಬೇಕೆಂದೇ ಕೆಣಕುತ್ತಿದ್ದರು. ಚಿಲಕದ ಗೀಳಿದ್ದವನಿಗೆ ಚಿಲಕದ ನೆನಪು! ಕಾಡುತ್ತಿರುವ ನರಮಂಡಲವು ಎಚ್ಚೆತ್ತಿರುವಾಗಲೇ ಅದನ್ನು ಮುಟ್ಟುವ ಉಪಾಯವಿದು. ಆರು ವಾರಗಳಲ್ಲಿ ನೂರಕ್ಕೆ 38 ಮಂದಿಗೆ ಗುಣ ಕಂಡಿತು. ಸೋಗಿನ ಚಿಕಿತ್ಸೆ ಪಡೆದವರಲ್ಲಿ 11 ಮಂದಿಗೆ. ಗುಣವೆಂದರೆ ರೋಗಲಕ್ಷಣಗಳು ಮೂರರಲ್ಲೊಂದು ಪಾಲಿನಷ್ಟು ತಗ್ಗಿದುದೇ ಹೊರತು ರೋಗವು ಬಿಟ್ಟುಹೋದುದಲ್ಲ.

ಆ ಪ್ರಯೋಗದಲ್ಲಿ ಒಬ್ಬೊಬ್ಬರಿಗೂ 29 ಸಲ ಚಿಕಿತ್ಸೆ ನಡೆಯಿತು. ಸೊರಬದ ರೈತನೊಬ್ಬನು ಅಡಿಕೆಯ ಕೊಯ್ಲನ್ನು ಬಿಟ್ಟು 300 ಕಿಲೋಮೀಟರಿಗೂ ಮಿಗಿಲಾದ ಬೆಂಗಳೂರಿನಲ್ಲಿ ಆರು ವಾರ ತಂಗಬಲ್ಲನೆ? ಆದುದರಿಂದ ಯಂತ್ರವನ್ನು ಕೊಳ್ಳುವುದಾದರೆ ಅದು ಜಿಲ್ಲಾಕೇಂದ್ರವಾದ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಲ್ಲಿರಬೇಕು.

ಆದರೆ ತಾಲ್ಲೂಕಿನಲ್ಲಿ ಮೊದಲು ಬೇಕಾದುದು ಯಂತ್ರವಲ್ಲವೆಂದೇ ನಮ್ಮ ಅಭಿಪ್ರಾಯ. ಈ ರೋಗಕ್ಕೆ ಅಗ್ಗದ ಮಾತ್ರೆಗಳಿವೆ. ಅಂಜಿಕೆಯನ್ನು ಎದುರಿಸುತ್ತಲೇ ಕೈ ತೊಳೆಯದೆ ಇರುವುದನ್ನು ಮೆಲ್ಲಮೆಲ್ಲನೆ ಕಲಿಸುವ ವರ್ತನಾ ಚಿಕಿತ್ಸೆಯಿದೆ. ಅಯಸ್ಕಾಂತದ ಸರದಿ ಇವೆರಡೂ ಸಾಲದೆ ಹೋದವರಿಗೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳ ಶಿಕ್ಷಣ ಕೊಟ್ಟಿತು. 1996ರಲ್ಲಿ ದೇಶವೇ ಆ ಮಾದರಿಯನ್ನು ತೆಗೆದುಕೊಂಡಿತು. ವರ್ತನಾ ಚಿಕಿತ್ಸೆಯನ್ನು ಬಲ್ಲ ಒಬ್ಬರನ್ನು ಶಿಕಾರಿಪುರಕ್ಕೂ ಒಬ್ಬರನ್ನು ಸೊರಬಕ್ಕೂ ನೇಮಿಸಲು ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇಂತಹ ಸಂಶಯ ಕಾಡುತ್ತಿದ್ದರೆ 14416 ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು, ಹಣ ಕೊಡಬೇಕಾಗಿಲ್ಲ.