ತೆರಿಗೆದಾರರ ಹಣವೆಂದರೆ ಯಾರ ಹಣ?

ಸರಕಾರವು ಬಡವರಿಗೆ ಅಕ್ಕಿ ಕೊಟ್ಟಾಗ, ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಸೌಲಭ್ಯ ನೀಡಿದಾಗ, ವಿದ್ಯಾರ್ಥಿವೇತನ ಘೋಷಿಸಿದಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇದೆಲ್ಲ ತೆರಿಗೆದಾರರಾದ ನಮ್ಮ ಹಣ.’ ಟಿ.ವಿ. ಚರ್ಚೆಗಳಿಂದ ಹಿಡಿದು ರೈಲಿನ ಹರಟೆಯ ವರೆಗೆ ಈ ಮಾತು ವ್ಯಾಪಿಸಿದೆ. ದೇಶದಲ್ಲಿ ತೆರಿಗೆ ಕೊಡುವವರ ಒಂದು ವರ್ಗವಿದೆ, ಅದನ್ನು ತಿಂದು ಬದುಕುವವರ ಇನ್ನೊಂದು ವರ್ಗವಿದೆ ಎಂಬ ತೀರ್ಪು ಇದರ ಹಿಂದೆ ಅಡಗಿದೆ. ಬೀಡಿ ಕಟ್ಟುವ ತಾಯಿ, ಆಟೋ ಓಡಿಸುವ ಯುವಕ, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ವ್ಯಾಪಾರಿ ಇವರೆಲ್ಲ ಎರಡನೆಯ ವರ್ಗದವರೆಂದು ಯಾವ ಸಂಕೋಚವೂ ಇಲ್ಲದೆ ನಿರ್ಧರಿಸಲಾಗುತ್ತದೆ. ವಿಷಾದದ ಸಂಗತಿಯೆಂದರೆ, ಹಾಗೆ ನಿಂದಿಸಲ್ಪಟ್ಟವರಲ್ಲೇ ಅನೇಕರು ಅದನ್ನು ನಂಬಿಬಿಟ್ಟಿದ್ದಾರೆ.

ವಸ್ತುಸ್ಥಿತಿಯೇನು? ತೆರಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆದಾಯ ತೆರಿಗೆ ಮತ್ತು ಕಂಪೆನಿ ತೆರಿಗೆಗಳು ನೇರ ತೆರಿಗೆಗಳು. ಗಳಿಸಿದವನೇ ಅವುಗಳನ್ನು ಕಟ್ಟುತ್ತಾನೆ, ಹೆಚ್ಚು ಗಳಿಸಿದವನು ಹೆಚ್ಚು ಕಟ್ಟಬೇಕೆಂಬುದು ಅದರ ನ್ಯಾಯ. ಜಿಎಸ್‌ಟಿ, ಅಬಕಾರಿ ಸುಂಕ, ಆಮದು ಸುಂಕಗಳು ಪರೋಕ್ಷ ತೆರಿಗೆಗಳು. ಇವುಗಳನ್ನು ಸರಕಾರದ ಖಜಾನೆಗೆ ಕಟ್ಟುವವನು ಉತ್ಪಾದಕ ಅಥವಾ ವ್ಯಾಪಾರಿ. ಭರಿಸುವವನು ಮಾತ್ರ ಗಿರಾಕಿ. ಬೆಲೆಯೊಳಗೆ ಅವಿತುಕೊಂಡಿರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಕಾರಣಕ್ಕಾಗಿಯೇ ಅದನ್ನು ಕೊಟ್ಟವನಿಗೆ ತೆರಿಗೆದಾರನೆಂಬ ಗೌರವವೂ ಸಿಗುವುದಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಮೈ ತೊಳೆಯುವ ಸೋಪಿಗೆ ಶೇ. 18ರ ದರ ನಿಗದಿಯಾಯಿತು. 59 ರೂಪಾಯಿಯ ಸೋಪಿನಲ್ಲಿ 50 ರೂಪಾಯಿ ಸರಕಿನದ್ದು, 9 ರೂಪಾಯಿ ತೆರಿಗೆಯದ್ದು. ದಿನಗೂಲಿಯ ಹೆಣ್ಣುಮಗಳೂ 9 ರೂಪಾಯಿ ಕೊಟ್ಟಳು, ಕಂಪೆನಿಯ ನಿರ್ದೇಶಕನೂ ಅಷ್ಟನ್ನೇ ಕೊಟ್ಟ. ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳಿಗೂ ಇದೇ ದರವಿತ್ತು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಗೋಧಿ ಹಿಟ್ಟು, ಮೊಸರುಗಳ ಮೇಲೂ ಶೇ. 5 ಹೇರಲಾಯಿತು. 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟ್‌ಗಳ ದರವನ್ನು ಶೇ. 5ಕ್ಕೆ ಇಳಿಸಿ ಅದನ್ನು ಜನತೆಗೆ ಕೊಟ್ಟ ಉಡುಗೊರೆಯೆಂಬಂತೆ ಬಣ್ಣಿಸಲಾಯಿತು. ಎಂಟು ವರ್ಷ ವಸೂಲು ಮಾಡಿದ್ದನ್ನು ನಿಲ್ಲಿಸುವುದು ಉಡುಗೊರೆಯಾಗುವುದು ಹೇಗೆ? 2024-25ರಲ್ಲಿ ಜಿಎಸ್‌ಟಿಯ ಒಟ್ಟು ಸಂಗ್ರಹ 22.08 ಲಕ್ಷ ಕೋಟಿ ರೂಪಾಯಿ. ಇದು ಕೇವಲ ಶ್ರೀಮಂತರ ಜೇಬಿನಿಂದ ಬಂದ ಹಣವೆಂದು ಯಾರಾದರೂ ಹೇಳಬಲ್ಲರೇ?

ಇನ್ನೊಂದು ವೈಚಿತ್ರ್ಯವನ್ನು ನೋಡಿ. 2025ರ ಬಜೆಟ್ಟಿನ ಪ್ರಕಾರ ಹೊಸ ಪದ್ಧತಿಯನ್ನು ಆರಿಸಿಕೊಂಡವರಲ್ಲಿ ವರ್ಷಕ್ಕೆ 12 ಲಕ್ಷದ ವರೆಗೆ ಸಂಬಳ ಪಡೆಯುವವನು ಆದಾಯ ತೆರಿಗೆ ಕೊಡಬೇಕಾಗಿಲ್ಲ. ಅಂದರೆ ತಿಂಗಳಿಗೆ ಲಕ್ಷ ರೂಪಾಯಿ ಎಣಿಸುವವನ ಆದಾಯ ತೆರಿಗೆಯೂ ಸೊನ್ನೆ, ಬೀಡಿ ಕಟ್ಟುವವಳದ್ದೂ ಸೊನ್ನೆ. ಆದರೆ ‘ಬಿಟ್ಟಿ ತಿನ್ನುವವರು’ ಎಂಬ ಮಾತು ಒಬ್ಬರಿಗೆ ಮಾತ್ರ!

ಇನ್ನು ಉಳ್ಳವರ ವಿಷಯಕ್ಕೆ ಬರೋಣ. ಪಿತ್ರಾರ್ಜಿತ ಸಂಪತ್ತಿನ ಮೇಲೆ 1953ರಲ್ಲಿ ಬಂದ ಎಸ್ಟೇಟ್ ತೆರಿಗೆಯನ್ನು 1985ರಲ್ಲಿ ರದ್ದುಪಡಿಸಲಾಯಿತು. 1957ರ ಸಂಪತ್ತು ತೆರಿಗೆಯು 2015ರ ಬಜೆಟ್ಟಿನಲ್ಲಿ ಕೊನೆಗೊಂಡಿತು. 2019ರ ಸೆಪ್ಟೆಂಬರಿನಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ ತೆರಿಗೆ ದರವನ್ನು ಶೇ. 22ಕ್ಕೆ, ಹೊಸ ಉತ್ಪಾದನಾ ಕಂಪೆನಿಗಳಿಗೆ ಶೇ. 15ಕ್ಕೆ ಇಳಿಸಲಾಯಿತು. ಇದರಿಂದ ಖಜಾನೆಗೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗಲಿದೆಯೆಂದು ಸರಕಾರವೇ ಅಂದಾಜಿಸಿತ್ತು. 2023-24ರ ಹೊತ್ತಿಗೆ ಕಂಪೆನಿ ತೆರಿಗೆಯ ನಿವ್ವಳ ಸಂಗ್ರಹ ಸುಮಾರು 9.11 ಲಕ್ಷ ಕೋಟಿಯಾಗಿದ್ದರೆ, ವ್ಯಕ್ತಿಗಳು ಕಟ್ಟಿದ ಆದಾಯ ತೆರಿಗೆ 10 ಲಕ್ಷ ಕೋಟಿಯನ್ನು ದಾಟಿತ್ತು. ಈ ಖೋತಾವನ್ನು ‘ತೆರಿಗೆದಾರರ ಹಣ’ ಎಂದು ಕರೆದು ಟಿ.ವಿ.ಯಲ್ಲಿ ಅಬ್ಬರಿಸಿದವರು ಎಷ್ಟು ಮಂದಿ?

ಸಂಪತ್ತು ತೆರಿಗೆಯಿಂದ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು ಸಾವಿರ ಕೋಟಿ ಮಾತ್ರ, ಅದರ ಬದಲಿಗೆ ಒಂದು ಕೋಟಿ ಮೀರಿದ ಆದಾಯವುಳ್ಳವರಿಗೆ ಶೇ. 2 ಹೆಚ್ಚುವರಿ ಸರ್‌ಚಾರ್ಜ್ ವಿಧಿಸಿ ಅದಕ್ಕಿಂತ ಬಹಳಷ್ಟು ಹೆಚ್ಚು ಪಡೆಯಲಾಗುವುದು ಎಂಬುದು ಕೇಂದ್ರದ ಸಮರ್ಥನೆಯಾಗಿತ್ತು. ಅಷ್ಟರಮಟ್ಟಿಗೆ ಮಾತು ಸರಿಯೇ. ಆದರೆ ಸಂಪತ್ತು ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿತ್ತು, ಸರ್‌ಚಾರ್ಜ್‌ನಲ್ಲಿ ಇಲ್ಲ. ನಮ್ಮ ಒಕ್ಕೂಟ ವ್ಯವಸ್ಥೆಯ ಗಾಯವಿರುವುದು ಇಲ್ಲಿಯೇ.

ಸಂವಿಧಾನದ 270ನೇ ವಿಧಿಯಂತೆ ಕೇಂದ್ರವು ಸಂಗ್ರಹಿಸುವ ತೆರಿಗೆಗಳ ಒಂದಂಶವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕು. ಎಷ್ಟು ಎಂಬುದನ್ನು ಹಣಕಾಸು ಆಯೋಗವು ಶಿಫಾರಸು ಮಾಡುತ್ತದೆ. 14ನೇ ಆಯೋಗ ಶೇ. 42 ಎಂದಿತು, 15ನೇ ಆಯೋಗ ಶೇ. 41 ಎಂದಿತು. ಆದರೆ ಸೆಸ್ ಮತ್ತು ಸರ್‌ಚಾರ್ಜ್‌ಗಳು ಈ ಲೆಕ್ಕದಿಂದ ಹೊರಗೆ. ಹಂಚುವ ಕೊಡದ ನೀರನ್ನು ಹಂಚದ ಕೊಡಕ್ಕೆ ಸುರಿದುಕೊಂಡರೆ ಶೇ. 41ಕ್ಕೆ ಅರ್ಥವೇನು ಉಳಿಯಿತು? 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆ ಆದಾಯದ ಹತ್ತನೇ ಒಂದರಷ್ಟಿದ್ದ ಸೆಸ್-ಸರ್‌ಚಾರ್ಜ್‌ಗಳು 2020-21ರ ವೇಳೆಗೆ ಐದನೇ ಒಂದರಷ್ಟಕ್ಕೆ ಬೆಳೆದವು. 2021ರ ಫೆಬ್ರವರಿಯಿಂದ ನವೆಂಬರ್ ಆರಂಭದ ತನಕ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರವು 32 ರೂಪಾಯಿ 90 ಪೈಸೆ ವಸೂಲು ಮಾಡುತ್ತಿತ್ತು. ಇದರಲ್ಲಿ ರಾಜ್ಯಗಳೊಂದಿಗೆ ಹಂಚಬೇಕಾದ ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಅದರ ಶೇ. 41 ಎಂದರೆ 57 ಪೈಸೆ. ಅದೂ ಎಲ್ಲ ರಾಜ್ಯಗಳಿಗೂ ಸೇರಿ!

ಸೆಸ್ ಎಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ಎತ್ತುವ ಹಣ. ಶಿಕ್ಷಣದ ಹೆಸರಲ್ಲಿ ಎತ್ತಿದ್ದು ಶಿಕ್ಷಣಕ್ಕೇ ಸಲ್ಲಬೇಕು. 2018-19ರಲ್ಲಿ 35 ಬಗೆಯ ಸೆಸ್ ಮತ್ತಿತರ ಶುಲ್ಕಗಳಿಂದ ಸಂಗ್ರಹವಾದ ಸುಮಾರು 2.74 ಲಕ್ಷ ಕೋಟಿಯಲ್ಲಿ ಸುಮಾರು 1.64 ಲಕ್ಷ ಕೋಟಿ ಮಾತ್ರ ಸಂಬಂಧಿತ ನಿಧಿಗಳಿಗೆ ವರ್ಗಾವಣೆಯಾಯಿತೆಂದು ಮಹಾಲೇಖಪಾಲರ ವರದಿಯೇ ಹೇಳಿದೆ. ಇದು ವಿರೋಧ ಪಕ್ಷದ ಆರೋಪವಲ್ಲ.

ಜಿಎಸ್‌ಟಿ ಬಂದ ಬಳಿಕ ರಾಜ್ಯಗಳ ಕೈಯಲ್ಲಿ ಉಳಿದದ್ದೂ ಅಲ್ಪವೇ: ಪೆಟ್ರೋಲ್-ಡೀಸೆಲ್‌ಗಳ ಮಾರಾಟ ತೆರಿಗೆ, ಮದ್ಯದ ಅಬಕಾರಿ, ವಾಹನ ತೆರಿಗೆ, ಮುದ್ರಾಂಕ ಶುಲ್ಕ ಇತ್ಯಾದಿ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರ ತೂಕವಿದೆ. ತೀರ್ಮಾನಕ್ಕೆ ಬೇಕಾದದ್ದು ನಾಲ್ಕನೇ ಮೂರರ ಬಹುಮತ. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರವು ಬೇಡವೆಂದರೆ ಏನೂ ನಡೆಯದು.

15ನೇ ಆಯೋಗವು ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿದಾಗ ರಾಜ್ಯಕ್ಕೆ ನೋವಾದದ್ದು ಸಹಜ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಚಿವರೊಂದಿಗೆ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬುದು ಅಂದಿನ ಘೋಷಣೆ. ಈ ಘೋಷಣೆಯನ್ನು ಪೂರ್ತಿಯಾಗಿ ಒಪ್ಪಲು ನಮ್ಮಿಂದಾಗದು. ಬಿಹಾರದ ಬಡ ಮಗುವಿಗೆ ಹೆಚ್ಚು ಪಾಲು ಸಿಗುವುದು ತಪ್ಪೆಂದಾದರೆ ನಮ್ಮದೇ ರಾಯಚೂರು, ಯಾದಗಿರಿಗಳಿಗೆ ಬೆಂಗಳೂರಿನ ತೆರಿಗೆ ಹೋಗುವುದೂ ತಪ್ಪೆನ್ನಬೇಕಾಗುತ್ತದೆ. ಬಡವನಿಗೆ ಅಕ್ಕಿ ಕೊಟ್ಟಾಗ ಗೊಣಗುವವನ ತರ್ಕವೂ ಇದೇ ಅಲ್ಲವೇ? ಬಡ ರಾಜ್ಯಗಳಿಗೆ ಕೊಡುವುದರ ವಿರುದ್ಧವಲ್ಲ, ಯಾರಿಗೂ ಕೊಡದೆ ಸೆಸ್ ಹೆಸರಲ್ಲಿ ಕೇಂದ್ರವೇ ಇಟ್ಟುಕೊಳ್ಳುವುದರ ವಿರುದ್ಧ ಜಂತರ್ ಮಂತರ್‌ನಲ್ಲಿ ಕೂಗು ಏಳಬೇಕಿತ್ತು. ಅದೇ ವರ್ಷ ಜೂನ್‌ನಲ್ಲಿ ಇದೇ ರಾಜ್ಯ ಸರಕಾರವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ದಿಲ್ಲಿಯಿಂದ ಬಾರದ್ದನ್ನು ಆಟೋ ಓಡಿಸುವವನಿಂದ ವಸೂಲು ಮಾಡುವುದು ಯಾವ ಹಕ್ಕು?

ಕರ್ನಾಟಕದಿಂದ ಲೋಕಸಭೆಗೆ ಹೋಗುವವರು 28 ಮಂದಿ. ಪಕ್ಷ ಯಾವುದೇ ಇರಲಿ, ಮುಂದಿನ ಸಲ ನಮ್ಮ ಬೀದಿಗೆ ಬಂದಾಗ, ಸೆಸ್‌ನ ಲೆಕ್ಕವನ್ನು ಸಂಸತ್ತಿನಲ್ಲಿ ಕೇಳಿದಿರಾ ಎಂದು ಅವರನ್ನು ವಿಚಾರಿಸಬೇಕು. ವಿಚಾರಿಸುವವರ ಕೈಯಲ್ಲಿ ಆದಾಯ ತೆರಿಗೆಯ ರಶೀದಿ ಇರಬೇಕೆಂದೇನೂ ಇಲ್ಲ. ಅಂಗಡಿಯ ಬಿಲ್ ಸಾಕು.